ರೊಪ್ಪದ ಬಾಗಿಲಲ್ಲಿ ಹೊಗಳಬಾರದು

ನನ್ನ ಕೆಲಸ ಏನೆಂದು ಮಂಡ್ಯದ ಗುತ್ತಲಿನ ನಮ್ಮ ಬೀದಿಯಲ್ಲಿ ಯಾರಿಗೂ ಸರಿಯಾಗಿ ತಿಳಿಯದು. ಸಾರ್ವಜನಿಕ ಸಂಪರ್ಕ ಎಂದರೆ ಫೋನ್ ಎತ್ತಿ ಮಾತನಾಡುವುದೋ ಎಂದು ಎದುರು ಮನೆಯವರು ಕೇಳುತ್ತಾರೆ. ನಮ್ಮತ್ತೆಯಂತೂ ಯಾರಿಗೂ ಅನುಮಾನ ಉಳಿಯದಂತೆ, "ನಮ್ಮ ಸೊಸೆದು ಹೊಗಳೋ ಕೆಲಸ" ಎಂದು ಹೇಳಿಬಿಟ್ಟಿದ್ದಾರೆ. ಮೊದಮೊದಲು ನನಗೆ ಉರಿದುಹೋಗುತ್ತಿತ್ತು. ಆಮೇಲೆ ಕೂತು ಯೋಚಿಸಿದರೆ ಅದರಲ್ಲಿ ಸುಳ್ಳೇನೂ ಕಾಣಲಿಲ್ಲ. ಮಂಡ್ಯದ ಸುತ್ತಲ ಹಳ್ಳಿಗಳಲ್ಲಿ ಕೆಲಸ ಮಾಡುವ ನಮ್ಮ ಸಣ್ಣ ಸಂಸ್ಥೆ ಏನನ್ನು ಕೈಗೆತ್ತಿಕೊಂಡರೂ ಅದನ್ನು ಕರಪತ್ರದಲ್ಲಿ, ಆಟೋ ಪ್ರಚಾರದಲ್ಲಿ, ವಾಟ್ಸಾಪಿನಲ್ಲಿ ಬಾಯ್ತುಂಬ ಹೊಗಳುವುದೇ ನನ್ನ ಪಾಲಿನ ದುಡಿಮೆ. ಎರೆಹುಳು ಗೊಬ್ಬರವನ್ನು ಹೊಗಳಿದ್ದೇನೆ, ಹನಿ ನೀರಾವರಿಯನ್ನು ಹೊಗಳಿದ್ದೇನೆ. ಒಮ್ಮೆ ಶೌಚಾಲಯವೊಂದನ್ನು ಎಷ್ಟು ಹೊಗಳಿದೆನೆಂದರೆ, ಅದನ್ನು ಕಟ್ಟಿಸಿಕೊಂಡವರು ಕೊಳೆಯಾದೀತೆಂದು ಬೀಗ ಹಾಕಿ, ನೆಂಟರು ಬಂದಾಗ ತೋರಿಸಲು ಮಾತ್ರ ಇಟ್ಟುಕೊಂಡರು. ಹೊಗಳಿಕೆಯಿಂದ ಆಗದ ಕೆಲಸವಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ಹಾಗಿರುವಾಗ ಕುರಿ ಜಗಳ ನನ್ನ ಮೇಜಿಗೆ ಬಂತು.

ಭತ್ತದ ಕುಯ್ಲು ಮುಗಿದ ಮೇಲೆ ಶಿರಾ, ಹಿರಿಯೂರಿನ ಕಡೆಯಿಂದ ಕುರಿ ಮಂದೆಗಳು ನಡೆದುಕೊಂಡು ನಮ್ಮ ಜಿಲ್ಲೆಗೆ ಬರುತ್ತವೆ. ಖಾಲಿ ಗದ್ದೆಗಳಲ್ಲಿ ಮೇಯುತ್ತವೆ, ಕತ್ತಲಾದರೆ ಅಲ್ಲೇ ಬಲೆ ಕಟ್ಟಿದ ರೊಪ್ಪದೊಳಗೆ ಮಲಗುತ್ತವೆ. ಬೆಳಗಾಗುವಷ್ಟರಲ್ಲಿ ಗದ್ದೆಗೆ ಗೊಬ್ಬರ ಬಿದ್ದಿರುತ್ತದೆ. ಗದ್ದೆಯವರು ಪ್ರತಿಯಾಗಿ ರಾಗಿಯನ್ನೋ ಅಕ್ಕಿಯನ್ನೋ ಅಳೆದು ಕೊಡುತ್ತಾರೆ. ಇಷ್ಟಾದರೆ ಎಲ್ಲರೂ ಸುಖಿಗಳು. ಆದರೆ ಖಾಲಿ ಗದ್ದೆ ಯಾವುದು, ಎಳೆ ಕಬ್ಬು ಯಾವುದು, ಹಿಪ್ಪುನೇರಳೆ ತೋಟ ಯಾವುದು ಎಂಬ ಭೇದ ಕುರಿಗೆ ಇಲ್ಲವಲ್ಲ.

ಬೆಸಗರಹಳ್ಳಿಯಿಂದಾಚೆಯ ಒಂದು ಹಳ್ಳಿಯಲ್ಲಿ ಹಿಂದಿನ ವರ್ಷ ಆದದ್ದೂ ಇದೇ. ಅಲ್ಲೊಬ್ಬ ಹೆಂಗಸು ರೇಷ್ಮೆಹುಳ ಸಾಕುತ್ತಾರೆ. ಊರವರೆಲ್ಲ ಅವರನ್ನು ಸೊಪ್ಪಿನಕ್ಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ರೇಷ್ಮೆಹುಳ ನಾಲ್ಕು ಸಲ ಮೇವು ಬಿಟ್ಟು, ಅಲುಗಾಡದೆ ಕೂತು ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎಂದು ಹೆಸರು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಸಿವೋ ಹಸಿವು. ಸರಿಯಾಗಿ ಆ ಹೊತ್ತಿಗೇ, ಯಾವುದೋ ಟ್ರ್ಯಾಕ್ಟರಿನ ಸದ್ದಿಗೆ ಬೆದರಿದ ಮಂದೆಯೊಂದು ಸೊಪ್ಪಿನಕ್ಕನ ತೋಟಕ್ಕೆ ನುಗ್ಗಿ, ಕಡ್ಡಿ ಬಿಟ್ಟು ಎಲೆಯನ್ನೆಲ್ಲ ಮುಗಿಸಿತು. ಹುಳ ಉಪವಾಸ ಬಿದ್ದು ಸತ್ತವು. ಸೊಪ್ಪಿನಕ್ಕ ಮಂದೆಯ ಮುಂದಾಳು ಟಗರನ್ನು ಹಿಡಿದು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರು. ಮಂದೆಯ ಒಡತಿ, ತಲೆಗೆ ಟವೆಲ್ ಸುತ್ತಿದ ಮುದುಕಿ, ಮನೆ ಮುಂದೆ ನಿಂತು ಬಾಯಿ ಮಾಡಿದಳು. ಈಕೆಯನ್ನು ನಾನು ಕುರಿಯಜ್ಜಿ ಎನ್ನುತ್ತೇನೆ. ಮಾತಿಗೆ ಮಾತು ಬೆಳೆದು, ನಿನ್ನ ಮರಿ ಒಂದೂ ಬದುಕಿ ನಿಲ್ಲದಿರಲಿ ಎಂದು ಸೊಪ್ಪಿನಕ್ಕ ಅಂದರು. ನಿನ್ನ ಹುಳ ಇನ್ನು ಗೂಡು ಕಟ್ಟದಿರಲಿ ಎಂದು ಅವಳೂ ಅಂದಳು. ಟಗರು ಬಿಡುಗಡೆಯಾಯಿತು, ಮಂದೆ ಹೊರಟುಹೋಯಿತು, ಮಾತು ಮಾತ್ರ ಊರಲ್ಲೇ ಉಳಿಯಿತು. ಇನ್ನು ಮೇಲೆ ಯಾವ ಮಂದೆಗೂ ಇಲ್ಲಿ ಜಾಗವಿಲ್ಲ ಎಂದು ಊರವರು ತೀರ್ಮಾನಿಸಿದರು.

ಈ ವರ್ಷ ಕುರಿಯಜ್ಜಿ ಅದೇ ದಾರಿಯಲ್ಲಿ ಮತ್ತೆ ಬಂದಳು. ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ಊರೊಳಗೆ ಬಿಡದ್ದರಿಂದ ಕೆರೆಯಂಗಳದಲ್ಲಿ ಮಂದೆ ನಿಲ್ಲಿಸಿಕೊಂಡಿದ್ದಳು. ಅಲ್ಲಿ ನೆಲ ಜೌಗು, ಬೆಳಗಿನ ಚಳಿ ಬೇರೆ. ಕುರಿಗಳು ಒಂದರ ಹಿಂದೆ ಒಂದು ಈಯತೊಡಗಿದ್ದವು. ಹುಟ್ಟಿದ ಮರಿಗೆ ಒಣನೆಲ ಬೇಕು, ತಾಯಿಗೆ ಹಸಿರು ಬೇಕು. ಇಲ್ಲಿ ಜಾಗ ಸಿಗದಿದ್ದರೆ ಮಳವಳ್ಳಿ ದಾಟಿ ಬೆಳಕವಾಡಿಯ ಹತ್ತಿರ ಅವಳಿಗೆ ಗುರುತಿನವರೊಬ್ಬರ ಗದ್ದೆಯವರೆಗೆ ನಡೆಯಬೇಕು. ಆಗತಾನೆ ಈದ ಕುರಿ ಅಷ್ಟು ದೂರ ನಡೆದರೆ ಹಾಲು ಬತ್ತುತ್ತದೆ, ಮರಿ ಕೈಗೆ ಹತ್ತುವುದಿಲ್ಲ.

ಊರ ಯಜಮಾನರನ್ನು ಕೇಳಲು ಹೋದೆ. ಅವರು ನನ್ನ ಮಾತನ್ನು ಪೂರ್ತಿ ಕೇಳುವ ತಾಳ್ಮೆಯನ್ನೂ ತೋರದೆ ತೀರ್ಪು ಕೊಟ್ಟರು.

"ಸೊಪ್ಪು ಕಳ್ಕೊಂಡೋಳು ಅವ್ಳು. ಅವ್ಳು ಒಪ್ಪುದ್ರೆ ನಾವೂ ಒಪ್ದಂಗೆ. ಇಲ್ದಿದ್ರೆ ಸೋಮವಾರ ಕುರಿ ಎದ್ದು ಓಯ್ತಾ ಇರ್ಬೇಕು."

ಸೋಮವಾರ ನಮ್ಮ ಕಡೆ ಆರು ಕಟ್ಟುವುದಿಲ್ಲ, ಅಂದರೆ ಎತ್ತುಗಳನ್ನು ನೇಗಿಲಿಗೆ ಹೂಡುವುದಿಲ್ಲ. ಬಸವನಿಗೆ ಬಿಡುವು, ಹಾಗಾಗಿ ಗಂಡಸರಿಗೆಲ್ಲ ಅರಳಿಕಟ್ಟೆಯಲ್ಲಿ ಕೂತು ಊರ ವ್ಯವಹಾರ ಮಾಡಲು ಪುರಸೊತ್ತು. ಸೋಮವಾರದೊಳಗೆ ಒಬ್ಬ ಹೆಂಗಸಿನ ಮನಸ್ಸು ತಿರುಗಿಸಬೇಕು, ಅಷ್ಟೇ ತಾನೇ ಎಂದುಕೊಂಡು ನಾನು ಉತ್ಸಾಹದಿಂದ ಕಚೇರಿಗೆ ಬಂದು ಕರಪತ್ರ ಬರೆಯಲು ಕೂತೆ.

"ಮಂದೆ ನಿಂತರೆ ಗದ್ದೆಗೆ ಬಲ, ಮನಸು ಕೂಡಿದರೆ ಊರಿಗೆ ಬಲ." ಈ ಸಾಲು ಹೊಳೆದಾಗ ನನಗೆ ನಾನೇ ಬೆನ್ನು ತಟ್ಟಿಕೊಳ್ಳುವುದೊಂದು ಬಾಕಿ. ನನ್ನದೇ ದನಿಯಲ್ಲಿ ಅದನ್ನು ರೆಕಾರ್ಡ್ ಮಾಡಿ ಆಟೋಗೆ ಕೊಟ್ಟೆ. ಕರಪತ್ರಕ್ಕೆ ಚಿತ್ರ ಬೇಕಿತ್ತು. ಮೊಬೈಲಿನಲ್ಲಿ ಹುಡುಕಿ, ಹಸಿರು ಹುಲ್ಲಿನ ಮೇಲೆ ನಿಂತ ಬೆಳ್ಳನೆಯ ಉಣ್ಣೆಯ ಒಂದು ಅಂದವಾದ ಕುರಿಯನ್ನು ಆರಿಸಿ ಹಾಕಿದೆ. ಅದು ಯಾವ ದೇಶದ್ದೋ ನನಗೆ ಈಗಲೂ ತಿಳಿಯದು.

ಪಕ್ಕದ ಮಳವಳ್ಳಿ ಸೀಮೆ ಬನ್ನೂರು ತಳಿಯ ಕುರಿಗೆ ತವರು. ಚಿನಿವಾರರು ಬಂಗಾರ ನೋಡುವ ಹಾಗೆ ಇಲ್ಲಿಯ ಜನ ಕುರಿಯ ಬೆನ್ನು, ತೊಡೆ, ಬಾಲ ನೋಡುತ್ತಾರೆ. ಅಂಥವರ ಕೈಗೆ ನನ್ನ ಕರಪತ್ರ ಹೋಯಿತು. ಅರಳಿಕಟ್ಟೆಯ ಮೇಲೆ ಯಜಮಾನರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದ್ಯಾವ್ ಕುರಿಲಾ? ಅತ್ತಿ ಮೂಟೆಗೆ ಕಾಲ್ ಬಂದಂಗದೆ!"

ಪಕ್ಕದಲ್ಲಿದ್ದ ಅವರ ಜೊತೆಗಾರ ಗಂಭೀರವಾಗಿ ನನ್ನ ಕಡೆ ತಿರುಗಿದ. "ಮೇಡಮ್ಮೋರೆ, ಈ ಕುರಿ ಬತ್ತದೆ ಅಂದ್ರೆ ನಮ್ದೇನೂ ಅಡ್ಡಿ ಇಲ್ಲ. ಆ ಕೆರೆತಾವ್ ಇರೋ ಕರಿ ಕುರಿ ಮಾತ್ರ ಬ್ಯಾಡ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ನನ್ನ ಮುಖ ಕೆಂಪಾಯಿತು. ಅಷ್ಟರಲ್ಲಿ ನನ್ನ ಆಟೋ, ನನ್ನದೇ ದನಿಯಲ್ಲಿ ಗದ್ದೆಗೆ ಬಲ, ಊರಿಗೆ ಬಲ ಎಂದು ಕಿರುಚುತ್ತಾ ಸೊಪ್ಪಿನಕ್ಕನ ಬೀದಿಗೆ ತಿರುಗಿತು. ಸೊಪ್ಪಿನಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿರಬಿರನೆ ಹೊರಗೆ ಬಂದರು. ನನಗೆ ಖುಷಿಯಾಯಿತು. ಪ್ರಚಾರ ತಲುಪಬೇಕಾದವರನ್ನೇ ತಲುಪಿತಲ್ಲ!

"ಆ ಮೈಕು ವಸಿ ಆಫ್ ಮಾಡ್ಸವ್ವ" ಎಂದರು. "ಹುಳ ನಾಕ್ನೇ ಜ್ವರಕ್ಕೆ ಕುಂತವೆ. ಸದ್ದಾಗ್ಬಾರ್ದು. ನಿಮ್ ಬಲ ಗಿಲ ಎಲ್ಲ ಆಮ್ಯಾಕ್ ನೋಡ್ಕಳಾವ."

ಆಟೋ ಬಾಯಿ ಮುಚ್ಚಿತು. ನಾನೂ ಮುಚ್ಚಿದೆ. ಮಂಡ್ಯಕ್ಕೆ ಮರಳುವ ಬಸ್ಸಿನಲ್ಲಿ ಮದ್ದೂರು ಬರುವವರೆಗೂ ನನಗೆ ಸಿಟ್ಟು ಇಳಿಯಲಿಲ್ಲ. ಚಿತ್ರದ್ದೇ ತಪ್ಪು, ಮಾತಿನದ್ದಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ನಿಜವಾದ ಮರಿಗಳ ಚಿತ್ರ ಒಂದು ಕಡೆ, ಸೊಪ್ಪಿನಕ್ಕನ ಹುಳದ ಚಿತ್ರ ಇನ್ನೊಂದು ಕಡೆ ಹಾಕಿ ಹೊಸ ಕರಪತ್ರ ಮಾಡಿದರೆ ಕಲ್ಲೂ ಕರಗುತ್ತದೆ ಎಂದು ಲೆಕ್ಕ ಹಾಕಿದೆ.

ಶನಿವಾರ ಬೆಳಗ್ಗೆಯೇ ಕ್ಯಾಮೆರಾ ಹಿಡಿದು ಕೆರೆಯಂಗಳಕ್ಕೆ ಇಳಿದೆ. ಕುರಿಯಜ್ಜಿಯ ಗಂಡ ದೊಡ್ಡ ಕುರಿಗಳನ್ನು ಹೊಡೆದುಕೊಂಡು ಮೇವಿಗೆ ಹೋಗಿದ್ದ. ಅಜ್ಜಿ ಬಲೆಯ ರೊಪ್ಪದೊಳಗೆ ಈದ ಕುರಿಗಳ ನಡುವೆ ಕೂತು, ಒದ್ದೆ ಮೈಯ ಮರಿಯೊಂದನ್ನು ಕಂಬಳಿ ತುದಿಯಿಂದ ಒರೆಸುತ್ತಿದ್ದಳು. ನಾಲ್ಕಾರು ಮರಿಗಳು ಅವಳ ಸುತ್ತ ಕುಪ್ಪಳಿಸುತ್ತಿದ್ದವು. ಒಂದಂತೂ ಅವಳ ಬೆನ್ನ ಮೇಲೆ ಹತ್ತಿ ಜಾರಿ ಬಿದ್ದು, ಬಿದ್ದದ್ದು ತಾನಲ್ಲ ಎನ್ನುವಂತೆ ಬೇರೆ ಕಡೆ ನೋಡುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅಯ್ಯೋ, ಎಷ್ಟು ಮುದ್ದಾಗಿವೆ! ಎಷ್ಟು ದುಂಡುದುಂಡಾಗಿವೆ ಮರಿಗಳು!" ಎಂದು ಕೂಗಿಬಿಟ್ಟೆ.

ಕುರಿಯಜ್ಜಿ ಗಕ್ಕನೆ ಕೈಯಲ್ಲಿದ್ದ ಮರಿಯ ಮೇಲೆ ಕಂಬಳಿ ಎಳೆದಳು. ಉಳಿದ ಮರಿಗಳನ್ನು ಬೆನ್ನ ಹಿಂದೆ ತಳ್ಳಿಕೊಂಡಳು. ನಾನೇನೋ ತೋಳವೇ ಎಂಬಂತೆ ಕೋಲು ಎತ್ತಿದಳು.

"ಏನ್ ತಾಯಿ, ಇಂಗಂದ್ಬಿಟ್ಟೆ! ಆ ಪೆಟ್ಗೆ ಒಳಗಿಡು ಮೊದ್ಲು. ಉಗಿ. ಮೂರ್ ಸಲ ಉಗಿ."

"ಉಗಿಯೋದಾ? ಎಲ್ಲಿಗೆ?"

"ಮರಿ ಕಡೀಕೇ ಉಗಿ. ಕಣ್ ಬಿದ್ದೈತೆ ಈಗ."

ನನ್ನ ಮಗಳು ಕೂಸಾಗಿದ್ದಾಗ ಯಾರಾದರೂ ಚೆನ್ನಾಗಿದೆ ಅಂದರೆ ಸಾಕು, ಅವರು ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದವಳು ನಾನು. ಕೆನ್ನೆಗೆ ಕಪ್ಪು ಚುಕ್ಕೆಯಿಲ್ಲದೆ ಅದನ್ನು ಹೊಸಿಲು ದಾಟಿಸಿದವಳಲ್ಲ. ಆದರೆ ಕೆಲಸಕ್ಕೆ ಹೊರಟಾಗ ಅದನ್ನೆಲ್ಲ ಮನೆಯಲ್ಲೇ ಬಿಟ್ಟು ಬರುವುದು ನನಗೆ ಅಭ್ಯಾಸವಾಗಿತ್ತು. ಎಮ್.ಎ. ಓದಿದ ನಾನು ಕೆರೆಯಂಗಳದಲ್ಲಿ ನಿಂತು, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಥೂ ಥೂ ಥೂ ಎಂದು ಮರಿಗಳ ಕಡೆ ಉಗಿದೆ. ಆಗ ಕೋಲು ಕೆಳಗಿಳಿಯಿತು.

ಅಜ್ಜಿ ತಣ್ಣಗಾಗಿ ಬಲೆಯ ಹೊರಗೆ ಬಂದು ಕೂತಳು. ನನ್ನನ್ನು ಒಳಗೆ ಮಾತ್ರ ಬಿಡಲಿಲ್ಲ. "ತಪ್ಪು ತಿಳ್ಕಬ್ಯಾಡ ತಾಯಿ" ಎಂದಳು. "ಮೊದ್ಲೇ ನನ್ ಜೀವ ಕೈಲಿಲ್ಲ. ಓದೊರ್ಸ ಆವಮ್ಮ, ನಿನ್ ಮರಿ ನಿಲ್ಬಾರ್ದು ಅಂದ್ಬಿಟ್ಲು. ಅವತ್ನಿಂದ ಒಂದು ಮರಿ ಸೀನಿದ್ರೂ ಅದೇ ಮಾತು ನೆಪ್ಪಾಯ್ತೈತೆ. ಜಾಗ ಕೊಡ್ದಿದ್ರೆ ಬಿಡ್ಲಿ, ನಡ್ಕಂಡು ಓಯ್ತೀನಿ. ಆ ಮಾತೊಂದ ವಾಪಸ್ ತಗಂಡಿದ್ರೆ ಸಾಕಾಗಿತ್ತು."

ನನ್ನ ಕರಪತ್ರದಲ್ಲಿ ಗೊಬ್ಬರದ ಗುಣ ಇತ್ತು, ಮಣ್ಣಿನ ಸಾರ ಇತ್ತು, ಸೌಹಾರ್ದ ಎಂಬ ಪದ ದಪ್ಪಕ್ಷರದಲ್ಲಿತ್ತು. ಈ ಮಾತಿನ ವಿಷಯ ಎಲ್ಲೂ ಇರಲಿಲ್ಲ. ಚಿತ್ರವಿಲ್ಲದ ಕ್ಯಾಮೆರಾ ಹಿಡಿದು ಮೇಲೆ ಹತ್ತಿ ಬಂದೆ.

ಅಲ್ಲಿಂದ ನೇರವಾಗಿ ಸೊಪ್ಪಿನಕ್ಕನ ಮನೆಗೆ ಹೋದೆ. ಹುಳ ಬೆಳಗಿನ ಜಾವ ಜ್ವರ ಎದ್ದಿತ್ತಂತೆ. ಸೊಪ್ಪಿನಕ್ಕ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ತೋಟಕ್ಕೂ ಹುಳದ ಮನೆಗೂ ಓಡಾಡುತ್ತಿದ್ದರು. ಬೆವರಿದ್ದರೂ ಮುಖದಲ್ಲಿ ಗೆಲುವಿತ್ತು. ಬಾಗಿಲಲ್ಲೇ ನಿಲ್ಲಬೇಕು, ಚಪ್ಪಲಿ ಆಚೆ ಬಿಡಬೇಕು ಎಂಬ ಕರಾರಿನ ಮೇಲೆ ಇಣುಕಲು ಬಿಟ್ಟರು. ಒಳಗೆ ತಟ್ಟೆಗಳ ಮೇಲೆ ಹಾಸಿದ ಸೊಪ್ಪು ಕಣ್ಣೆದುರೇ ಕರಗುತ್ತಿತ್ತು. ಹೆಂಚಿನ ಮೇಲೆ ಸೋನೆ ಬಿದ್ದಂತೆ ಹುಳ ತಿನ್ನುವ ಸದ್ದು. ಕೆರೆಯಂಗಳದಲ್ಲಿ ಪಾಠ ಕಲಿತು ಇನ್ನೂ ಒಂದು ಗಂಟೆ ಕಳೆದಿರಲಿಲ್ಲ. ಆದರೂ ಹಾಳು ಬಾಯಿ ಸುಮ್ಮನಿರಬೇಕಲ್ಲ.

"ಅಬ್ಬಾ! ಎಷ್ಟು ಚೆನ್ನಾಗಿ ಬಂದಿದೆ ಅಕ್ಕಾ ಹುಳ! ಒಂದೊಂದೂ ಬೆರಳುದ್ದ ಇದೆ!"

ಸೊಪ್ಪಿನಕ್ಕ ಹೊರೆಯನ್ನು ಅಲ್ಲೇ ಎಸೆದು, ನನ್ನ ಎರಡೂ ಭುಜ ಹಿಡಿದು ಅಂಗಳಕ್ಕೆ ತಳ್ಳಿದರು.

"ಏನವ್ವ ನಿಂದು! ಕಣ್ಣಾಕಕ್ಕೇ ಬಂದಿದ್ದೀಯಾ? ಉಗಿ. ಉಗಿ ಮೂರ್ ಸಲ!"

ನನಗೆ ನಗು ಬಂದುಬಿಟ್ಟಿತು. ಉಗಿಯಲು ಹೋದರೆ ನಗು, ನಗು ತಡೆದರೆ ಕೆಮ್ಮು. ಅಂಗಳದ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡೆ.

"ಯಾಕಂಗ್ ನಗ್ತೀಯ? ನಾನೇನ್ ಜೋಕ್ ಮಾಡ್ದ್ನಾ?"

"ಇಲ್ಲ ಅಕ್ಕಾ. ಈಗತಾನೇ ಕೆರೆಯಂಗಳದಲ್ಲಿ ಉಗಿದು ಬಂದೆ. ಅಲ್ಲೂ ಮೂರು ಸಲ. ಬಾಯಲ್ಲಿ ಎಂಜಲೇ ಇಲ್ಲ."

"ಯಾರು, ಆ ಕುರಿ ಮುದ್ಕಿ ಉಗುಸ್ದ್ಲಾ? ಏನಂದೆ ಅಲ್ಲಿ?"

"ಮರಿ ಮುದ್ದಾಗಿವೆ ಅಂದೆ. ದುಂಡುದುಂಡಾಗಿವೆ ಅಂದೆ."

ಸೊಪ್ಪಿನಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ನಿನ್ ಬಾಯ್ಗಿಷ್ಟು! ಈದ ಮರಿ ಮುಂದೆ ನಿಂತು ಅಂಗಂದಾರಾ? ಒಂದ್ ಮಗಿನ್ ತಾಯಿ ನೀನು, ವಸಿನಾದ್ರೂ ಬುದ್ಧಿ ಬ್ಯಾಡ್ವಾ? ಸರ್ಯಾಗೇ ಮಾಡವ್ಳೆ ಮುದ್ಕಿ. ನಾನಾಗಿದ್ರೆ ಕೋಲಲ್ಲೇ ಕೊಡ್ತಿದ್ದೆ."

"ಕೋಲೂ ಎತ್ತಿದಳು."

ಇಷ್ಟಕ್ಕೆ ಅವರಿಗೂ ನಗು ತಡೆಯಲಾಗಲಿಲ್ಲ. ನನ್ನ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ಒಂದು ವರ್ಷದಿಂದ ಬೈದುಕೊಂಡೇ ಬಂದಿದ್ದ ಹೆಂಗಸಿನ ಪರವಾಗಿ ತಾವು ಮಾತನಾಡಿದ್ದು ಆಮೇಲೆ ಅವರಿಗೇ ಹೊಳೆದಿರಬೇಕು. ನಗು ನಿಲ್ಲಿಸಿ ಸೆರಗು ಸರಿಮಾಡಿಕೊಂಡರು. ನಾನು ಅಜ್ಜಿ ಆಡಿದ ಮಾತನ್ನು ಕೂಡಿಸದೆ ಕಳೆಯದೆ ಹೇಳಿದೆ. ಮರಿ ಸೀನಿದರೂ ಅವಳಿಗೆ ಏನು ನೆನಪಾಗುತ್ತದೆ ಎಂಬುದನ್ನೂ ಹೇಳಿದೆ.

ಸೊಪ್ಪಿನಕ್ಕ ಕಾಲ ಬೆರಳಿನಿಂದ ನೆಲ ಕೆರೆಯುತ್ತಾ ಕೂತರು.

"ಅವ್ಳೂ ಅಂದ್ಲಲ್ಲ ನಂಗೆ, ಹುಳ ಗೂಡ್ ಕಟ್ಬಾರ್ದು ಅಂತ. ಆವತ್ನಿಂದ ಎಷ್ಟು ಬೆಳೆ ತಗ್ದಿದ್ದೀನಿ, ಎಲ್ಲಾ ಚೆನ್ನಾಗೇ ಬಂದವೆ. ಆದ್ರೂ ಪ್ರತಿ ಸಲ ಜ್ವರ ಎದ್ದಾಗ ಅವ್ಳ್ ಮಾತೇ ಕಿವೀಲಿ ಕುಯ್ಗುಟ್ತದೆ. ನಿದ್ದೆ ಬರಾಕಿಲ್ಲ ಕಣವ್ವ." ಹೊರೆ ಎತ್ತಿಕೊಂಡು ಎದ್ದರು. "ಸೋಮವಾರ ಆ ಮುದ್ಕಿನೂ ಕಟ್ಟೆತಾವ್ಕೆ ಬರಕ್ ಯೋಳು."

ಸೋಮವಾರ ನಾನು ಮದ್ದೂರು ವಡೆಯ ಪೊಟ್ಟಣ ಹಿಡಿದು ಹೋದೆ. ಭಾಷಣವನ್ನೂ ಸಿದ್ಧ ಮಾಡಿಕೊಂಡಿದ್ದೆ. ಕುರಿಯಜ್ಜಿ ಒಂದು ಮರಿಯನ್ನು ಕಂಬಳಿಯಲ್ಲಿ ಮುಚ್ಚಿಕೊಂಡೇ ಬಂದು ಕಟ್ಟೆಯ ಕೆಳಗೆ ನಿಂತಿದ್ದಳು. ಅವಳ ಗಂಡ ಬಲೆ ಸುತ್ತಿ, ಇಲ್ಲವೆಂದರೆ ಹೊರಡುವುದಕ್ಕೆ ತಯಾರಾಗಿದ್ದ. ನಾನು ಗಂಟಲು ಸರಿಮಾಡಿಕೊಂಡು, ರೈತರು ಮತ್ತು ಕುರಿಗಾಹಿಗಳು ಎಂದು ಶುರುಮಾಡಿದೆನಷ್ಟೇ. ಸೊಪ್ಪಿನಕ್ಕ ಕೈಯೆತ್ತಿ ತಡೆದರು.

"ನೀನ್ ವಸಿ ಕುಂತ್ಕಳವ್ವ." ಆಮೇಲೆ ಕುರಿಯಜ್ಜಿಯ ಕಡೆ ತಿರುಗಿ, "ಇವ್ಳು ನಿನ್ ಮರಿ ಒಗಳುದ್ಲಂತೆ, ದಿಟ್ವಾ?" ಎಂದರು.

"ಊಂ ಗೌಡ್ತಮ್ಮ. ಬಾಯ್ತುಂಬ ಒಗಳಿದ್ಲು."

"ನನ್ ಹುಳನೂ ಬುಡ್ನಿಲ್ಲ."

"ಉಗುಸ್ಬೇಕಿತ್ತು!"

"ಉಗುಸ್ದೆ, ಸುಮ್ಕೆ ಬುಟ್ಟೇನಾ?"

ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ, ಪಟ್ಟಣದಿಂದ ಬಂದ ದಡ್ಡ ನೆಂಟರವಳನ್ನು ಮನೆಯವರು ನೋಡುವ ಕನಿಕರವಿತ್ತು. ಮೊದಲು ಅಜ್ಜಿಗೆ ನಗು ಬಂತು, ಆಮೇಲೆ ಸೊಪ್ಪಿನಕ್ಕನಿಗೆ, ಆಮೇಲೆ ಕಟ್ಟೆಯ ಮೇಲಿನ ಅಷ್ಟೂ ಗಂಡಸರಿಗೆ. ನಾನು ವಡೆಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ನಗೆಪಾಟಲಾಗಿ ಕೂತೆ. ನಿಜ ಹೇಳುತ್ತೇನೆ, ನನಗೆ ಒಂದಿಷ್ಟೂ ಬೇಸರವಾಗಲಿಲ್ಲ.

ನಗು ನಿಂತ ಮೇಲೆ ಸೊಪ್ಪಿನಕ್ಕ ಕಟ್ಟೆಯಿಂದ ಇಳಿದು ಅಜ್ಜಿಯ ಎದುರು ನಿಂತರು.

"ಓದೊರ್ಸ ಒಟ್ಟೆ ಉರ್ದು ಏನೋ ಅಂದ್ಬುಟ್ಟೆ. ಆ ಮಾತ್ನ ಈಗ ಉಗ್ದ್ಬುಡ್ತೀನಿ, ನೋಡು." ಪಕ್ಕಕ್ಕೆ ತಿರುಗಿ ಮೂರು ಸಲ ಉಗಿದರು.

ಅಜ್ಜಿಯ ಕಣ್ಣು ತುಂಬಿತು. "ನಾನೂ ಅಂದಿದ್ದೆ ತಾಯಿ. ನಿನ್ ಹುಳ ಬಂಗಾರದ ಗೂಡ್..." ಎಂದವಳು, ಹೊಗಳಿಕೆಯ ದಾರಿ ಹಿಡಿದದ್ದು ಹೊಳೆದು, ನಾಲಿಗೆ ಕಚ್ಚಿಕೊಂಡು ಸುಮ್ಮನೆ ಉಗಿದಳು, ಮೂರು ಸಲ.

ಯಜಮಾನರು ಟವೆಲ್ ಕೊಡವಿ ಎದ್ದರು. "ಇನ್ನೇನದೆ ಮಾತು? ಉಗುದ್ ಮ್ಯಾಲೆ ಮುಗೀತು."

ಕಾಲುವೆ ಪಕ್ಕದ ತಮ್ಮದೇ ಗದ್ದೆಯಲ್ಲಿ ಮಂದೆ ನಿಲ್ಲಿಸಲು ಸೊಪ್ಪಿನಕ್ಕ ಜಾಗ ತೋರಿಸಿದರು. ಮೇವಿಗೆ ಹೋಗಿ ಬರುವಾಗ ತೋಟದ ಕಡೆ ಬಾರದೆ ಕಾಲುವೆ ಏರಿಯ ಮೇಲೇ ನಡೆಯಬೇಕು ಎಂದು ಅಜ್ಜಿಯ ಗಂಡನಿಂದ ಮಾತು ತೆಗೆದುಕೊಂಡರು. ಹುಳ ತಿಂದು ಬಿಟ್ಟ ಸೊಪ್ಪಿನ ಕಡ್ಡಿಯನ್ನು ಈದ ಕುರಿಗಳಿಗೆ ಕೊಡುವುದೆಂದೂ ಆಯಿತು. ಅದನ್ನು ತಿಂದರೆ ಹಾಲು ಇಳಿಯುತ್ತದಂತೆ. ವಡೆ ಎಲ್ಲರಿಗೂ ಸಾಲಲಿಲ್ಲ.

ಆ ದಿನ ನಾನು ತೆಗೆದದ್ದು ಒಂದೇ ಚಿತ್ರ. ನಮ್ಮ ಸಂಸ್ಥೆಯ ಮುಖ್ಯಸ್ಥರು ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಸೌಹಾರ್ದದ ವರದಿಗೆ ಇಬ್ಬರು ಹೆಂಗಸರು ಉಗಿಯುತ್ತಿರೋ ಫೋಟೋನಾ? ಕೈ ಕುಲುಕೋದು ಇಲ್ವೇನಮ್ಮ?" ಎಂದರು. ಇಲ್ಲ ಎಂದೆ. ವರದಿ ಚಿತ್ರವಿಲ್ಲದೆಯೇ ಹೋಯಿತು. ಆ ಚಿತ್ರ ಈಗ ನನ್ನ ಅಡುಗೆಮನೆಯ ಕಪಾಟಿನ ಬಾಗಿಲ ಮೇಲಿದೆ.

ಮುಂದಿನ ವಾರ ಆ ದಾರಿಯಲ್ಲಿ ಕೆಲಸವಿತ್ತು. ಕೆಲಸವಿಲ್ಲದಿದ್ದರೂ ಹೋಗುತ್ತಿದ್ದೆ ಅನ್ನಿ. ಸೊಪ್ಪಿನಕ್ಕನ ಹುಳ ಹಣ್ಣಾಗಿ ಗೂಡು ಕಟ್ಟತೊಡಗಿತ್ತು, ಹುಳದ ಮನೆ ಬಾಗಿಲು ಹಾಕಿತ್ತು. ಅವರನ್ನು ಹುಡುಕಿಕೊಂಡು ಗದ್ದೆಗೆ ಹೋದೆ. ಕುರಿಯಜ್ಜಿ ಉಪ್ಪು, ಟೀ ಪುಡಿ ತರಲು ಬೆಸಗರಹಳ್ಳಿಗೆ ಹೋಗಿದ್ದಳು. ಮರಿಗಳನ್ನು ಬಿಟ್ಟು ಹೋಗಿದ್ದು ಸೊಪ್ಪಿನಕ್ಕನ ವಶಕ್ಕೆ. ಅವರು ರೊಪ್ಪದ ಬಾಗಿಲಲ್ಲಿ ಅಜ್ಜಿಯ ಕಂಬಳಿ ಹಾಸಿಕೊಂಡು, ಅಜ್ಜಿಯ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡದ್ದೇ ಕೋಲು ಎತ್ತಿದರು.

"ಅಲ್ಲೇ ನಿಂತ್ಕೊ. ಮೊದ್ಲು ಬಾಯ್ಬುಡು. ಏನಂತೀಯ ನೋಡಾವ."

ಬಲೆಯ ಆಚೆ ನೋಡಿದೆ. ಹಿಂದೆ ಕಂಡಿದ್ದಕ್ಕಿಂತ ಹೆಚ್ಚು ಮರಿಗಳಿದ್ದವು. ಒಣ ಹುಲ್ಲಿನ ಮೇಲೆ ನಾಲ್ಕೂ ಕಾಲೆತ್ತಿ ಎಗರುತ್ತಿದ್ದವು, ಒಂದನ್ನೊಂದು ಡಿಕ್ಕಿ ಹೊಡೆಯುತ್ತಿದ್ದವು, ತಾಯಿಯ ಕೆಚ್ಚಲಿಗೆ ನುಗ್ಗಿ ಬಾಲ ಅಲ್ಲಾಡಿಸುತ್ತಿದ್ದವು. ಅಜ್ಜಿಯ ಬೆನ್ನಿಂದ ಜಾರಿ ಬಿದ್ದಿದ್ದ ಮರಿ ಈಗ ತಾಯಿಯ ಬೆನ್ನ ಮೇಲೆ ಅಲುಗಾಡದೆ ನಿಂತಿತ್ತು. ಕಂಡದ್ದೆಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಅಲ್ಲೇ ಕಚ್ಚಿ ಹಿಡಿದೆ.

"ಏನೋ ಅವೆ ಬುಡಿ ಅಕ್ಕಾ. ಕಡ್ಡಿ ಕಾಲು, ಸೊಟ್ಟ ಮೂತಿ."

ಸೊಪ್ಪಿನಕ್ಕನ ಮುಖ ಅರಳಿತು. ಕೋಲು ಕೆಳಗಿಟ್ಟು, ಬಲೆಯ ಗಂಟು ಬಿಚ್ಚಿ, ನನಗೆ ದಾರಿ ಬಿಟ್ಟರು.

"ಈಗ ಬಾ ಒಳಿಕ್ಕೆ."

ಒಳಗೆ ಹೋಗಿ ಹುಲ್ಲಿನ ಮೇಲೆ ಕೂತೆ. ತೀರ ಹೊಸದಾಗಿ ಹುಟ್ಟಿದ ಮರಿಯೊಂದನ್ನು ಎತ್ತಿ ಅವರು ನನ್ನ ಮಡಿಲಿಗೆ ಹಾಕಿದರು. ಅದು ಬೆಚ್ಚಗಿತ್ತು, ಸಣ್ಣಗೆ ನಡುಗುತ್ತಿತ್ತು. ನಾನು ಮತ್ತೊಂದು ಮಾತೂ ಆಡಲಿಲ್ಲ.